ಹಸಿರು ದೇವಸ್ಥಾನದ ಹೆಚ್ಚುವರಿ ಕೆಲಸ ಯಾರ ಕೈಗೆ ಬೀಳುತ್ತೆ?

ಡೊಂಬಿವಲಿ ಪೂರ್ವ

ಎಲ್ಲರಿಗೂ ನಮಸ್ಕಾರ. ನಮ್ಮದು ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಭಜನಾ ಮಂಡಳಿಯೊಂದರ ಸಣ್ಣ ದೇವಸ್ಥಾನ, ಪಕ್ಕಕ್ಕೆ ಒಂದು ಸಭಾಗೃಹ. ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದವರೇ ಹೆಚ್ಚು. ಈ ಸಲದ ಮಹಾಸಭೆಯಲ್ಲಿ ಚೌತಿ, ನವರಾತ್ರಿಗೆಂದು ಕೆಲವು ನಿರ್ಣಯ ಆದವು. ಗಣಪತಿ ನೀರಲ್ಲಿ ಕರಗುವ ಶಾಡು ಮಣ್ಣಿನದ್ದೇ ಆಗಬೇಕು. ಥರ್ಮಕೋಲ್ ಮಂಟಪ ಬೇಡ. ಅನ್ನಸಂತರ್ಪಣೆಗೆ ಬಳಸಿ ಎಸೆಯುವ ತಟ್ಟೆ, ಲೋಟ ಬಂದ್, ಬದಲಿಗೆ ಸ್ಟೀಲ್. ನಿರ್ಮಾಲ್ಯ ಕಸದ ಗಾಡಿಗೆ ಹೋಗದೆ ಹಿತ್ತಲಲ್ಲೇ ಗೊಬ್ಬರ ಆಗಬೇಕು. ಎಲ್ಲರೂ ಕೈ ಎತ್ತಿದರು, ನಾನೂ ಎತ್ತಿದೆ. ಇವತ್ತು ಕೇಳಿದರೂ ಎತ್ತುತ್ತೇನೆ.

ಆದರೆ ಸಭೆ ಮುಗಿದಲ್ಲಿಂದ ಒಂದು ವಿಷಯ ತಲೆ ಕೊರೆಯುತ್ತಿದೆ. ಪಾತ್ರೆ ತೊಳೆಯೋಕೆ ಬರುವ ಅಕ್ಕಂದಿರು ಯಾದಗಿರಿ ಕಡೆಯವರು, ನಮ್ಮದೇ ಭಾಷೆ ಆಡುವವರು. ಗುಡಿಸಿ ಒರೆಸುವ ಹುಡುಗನೊಬ್ಬ, ರಾತ್ರಿ ಕಾವಲಿಗೆ ಒಬ್ಬರು ಹಿರಿಯರು. ಸಭೆಯಲ್ಲಿ ಇವರ್ಯಾರೂ ಇರಲಿಲ್ಲ. ನಿರ್ಣಯದ ಒಂದೊಂದು ಸಾಲನ್ನೂ ತೆಗೆದು ನೋಡಿ, ಅದು ಹೋಗಿ ಕೂರುವುದು ಇವರ ಪಾಳಿಯ ಮೇಲೆಯೇ. ಸ್ಟೀಲ್ ತಟ್ಟೆ ಅಂದರೆ ಎಂಜಲು ತೆಗೆದು, ಸೋಪು ಹಚ್ಚಿ ಉಜ್ಜಿ, ಎರಡು ನೀರಲ್ಲಿ ಜಾಲಾಡಿ, ಒರೆಸಿ, ಮುಂದಿನ ಪಂಕ್ತಿ ಕೂರುವಷ್ಟರಲ್ಲಿ ಸಿದ್ಧ ಇಡಬೇಕು. ನಮ್ಮಲ್ಲಿ ಅದೆಲ್ಲ ನಡೆಯುವುದು ಸಭಾಗೃಹದ ಹಿಂದಿನ ಗಲ್ಲಿಯಲ್ಲಿ. ಒಂದೇ ನಲ್ಲಿ, ಮೇಲೆ ತಾಡಪತ್ರಿ. ಕುಕ್ಕರಗಾಲಲ್ಲಿ ಕೂತು ತೊಳೆಯುತ್ತಾರೆ, ಕಾಲಡಿ ನೀರು ಹರಿಯುತ್ತಲೇ ಇರುತ್ತೆ. ಚೌತಿಯ ಹೊತ್ತಿಗೆ ಅವರ ಕಾಲ್ಬೆರಳ ಸಂದು ಬೆಳ್ಳಗಾಗಿ ಸಿಪ್ಪೆ ಎದ್ದಿರುತ್ತೆ.

ನವರಾತ್ರಿಯ ಕೊನೆಯ ದಿನ ಇವರನ್ನೆಲ್ಲ ವೇದಿಕೆಗೆ ಕರೆದು ಶಾಲು, ಫಲತಾಂಬೂಲ ಕೊಡುವ ಪದ್ಧತಿ ನಮ್ಮಲ್ಲಿದೆ. ಒಳ್ಳೆಯ ಪದ್ಧತಿ, ನಿಲ್ಲಬಾರದು. ಅಷ್ಟಕ್ಕೇ ಮುಗಿಯಲೂಬಾರದು. ಭೂಮಿಗೆ ಒಳ್ಳೆಯದಾಗುವ ಕೆಲಸದ ಭಾರವನ್ನೆಲ್ಲ ಕಡಿಮೆ ಸಂಬಳದವರ ಬೆನ್ನಿಗೆ ಹೊರಿಸಿ, ಪುಣ್ಯವನ್ನು ಮಾತ್ರ ನಾವಿಟ್ಟುಕೊಂಡರೆ ದೇವರು ಮೆಚ್ಚುತ್ತಾನೆ ಅಂತ ನನಗೆ ಅನ್ನಿಸುವುದಿಲ್ಲ. ನಿಮ್ಮ ಕಡೆ ದೇವಸ್ಥಾನ, ಚರ್ಚು, ಮಸೀದಿ, ಮಠಗಳಲ್ಲಿ ಇದನ್ನು ಹೇಗೆ ನಿಭಾಯಿಸಿದ್ದೀರಿ? ಅನುಭವ ಇದ್ದವರು ದಯವಿಟ್ಟು ಬರೆಯಿರಿ. ಮುಂದಿನ ಕಮಿಟಿ ಸಭೆಗೆ ಬೇಕಾಗಿದೆ.

ಕೋಥ್ರೂಡ್, ಪುಣೆ

ಬಹಳ ಸರಿಯಾದ ಪ್ರಶ್ನೆ. ನಾನು ನಿರ್ಮಾಲ್ಯದ ಬಗ್ಗೆ ಮಾತ್ರ ಹೇಳುತ್ತೇನೆ, ಯಾಕೆಂದರೆ ಅದರಲ್ಲಿ ಕೈ ಹಾಕಿ ಕೂತಿದ್ದೇನೆ.

ಹೂವು ತಾನಾಗಿ ಗೊಬ್ಬರ ಆಗುತ್ತೆ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಹೂವು ಆಗುತ್ತೆ, ಹಾರ ಆಗುವುದಿಲ್ಲ. ಮಾರುಕಟ್ಟೆಯ ಹಾರದಲ್ಲಿ ಈಗ ಹತ್ತಿಯ ನೂಲು ಅಪರೂಪ, ನೈಲಾನ್ ದಾರವೇ ಹೆಚ್ಚು. ನಡುನಡುವೆ ಜರಿ, ಮಿಂಚುವ ಪ್ಲಾಸ್ಟಿಕ್ ಮಣಿ, ತುದಿಗೆ ಥರ್ಮಕೋಲ್ ಗುಂಡು. ತುಳಸಿ ಮಾಲೆಗೂ ಸ್ಟೇಪ್ಲರ್ ಪಿನ್ನು. ಗೊಬ್ಬರದ ತೊಟ್ಟಿಗೆ ಹಾಕುವ ಮೊದಲು ಯಾರಾದರೂ ಕೂತು ಒಂದೊಂದು ಹಾರವನ್ನೂ ಕತ್ತರಿಸಿ ದಾರ ಎಳೆಯಬೇಕು. ಚೆಂಡುಹೂ ಒದ್ದೆಯಾಗಿ ಕೊಳೆಯಲು ಶುರುವಾದ ಮೇಲಂತೂ ದಾರ ಕೈಗೆ ಸಿಗುವುದಿಲ್ಲ, ಜಾರುತ್ತೆ. ಪಿನ್ನು ಉಗುರಿನ ಬುಡಕ್ಕೆ ಚುಚ್ಚಿದ ದಿನ ಗೊತ್ತಾಗುತ್ತೆ ಅದು ಎಂಥ ಕೆಲಸ ಅಂತ. ತೆಂಗಿನ ಜುಟ್ಟು, ಕರ್ಪೂರದ ಕವರು, ಊದುಬತ್ತಿ ಪ್ಯಾಕೆಟ್ಟು, ಇವು ಬೇರೆ. ಇನ್ನು ಬರೀ ಹೂವೇ ಹಾಕಿದರೆ ಹಸಿ ಜಾಸ್ತಿಯಾಗಿ ನಾರುತ್ತೆ. ಒಣ ಎಲೆಯೋ ತೆಂಗಿನ ನಾರಿನ ಪುಡಿಯೋ ಪದರ ಪದರವಾಗಿ ಹಾಕಬೇಕು, ವಾರಕ್ಕೊಮ್ಮೆಯಾದರೂ ಮಗುಚಬೇಕು. ಆಮೇಲೆ ಒಂದೂವರೆ, ಎರಡು ತಿಂಗಳಲ್ಲಿ ಒಳ್ಳೆಯ ಗೊಬ್ಬರ ಸಿಗುತ್ತೆ.

ಇದನ್ನೆಲ್ಲ "ಗುಡಿಸುವ ಹುಡುಗ ನೋಡಿಕೊಳ್ಳುತ್ತಾನೆ" ಅಂತ ಬಿಟ್ಟರೆ ಅವನ ಕೆಲಸ ದುಪ್ಪಟ್ಟಾಗುತ್ತೆ, ಸಂಬಳ ಅಲ್ಲೇ ಇರುತ್ತೆ.

ಪುಣೆಯಲ್ಲಿ ಕಸ ಆಯುವವರು 1993ರಲ್ಲಿ ಕಾಗದ್ ಕಾಚ್ ಪತ್ರಾ ಕಷ್ಟಕರಿ ಪಂಚಾಯತ್ ಅಂತ ಸಂಘ ಕಟ್ಟಿಕೊಂಡರು. ಅದರಿಂದಲೇ 2008ರಲ್ಲಿ ಸ್ವಚ್ಛ ಸಹಕಾರಿ ಸಂಸ್ಥೆ ಹುಟ್ಟಿತು. ಮನೆಮನೆಯಿಂದ ಕಸ ಒಯ್ಯುವವರೇ ಅದರ ಸದಸ್ಯರು, ಮನೆಯವರು ತಿಂಗಳಿಗಿಷ್ಟು ಅಂತ ಶುಲ್ಕ ಕೊಡುತ್ತಾರೆ. ವಿಸರ್ಜನೆಯ ದಿನಗಳಲ್ಲಿ ಇವರು ಮುಠಾ ನದಿಯ ಘಾಟುಗಳಲ್ಲಿ ನಿಂತು ಭಕ್ತರ ಕೈಯಿಂದ ನಿರ್ಮಾಲ್ಯ ಇಸಿದುಕೊಂಡು ಬೇರ್ಪಡಿಸುತ್ತಾರೆ. ನದಿಗೆ ಬೀಳುವ ಎಷ್ಟೋ ಹೂವು ಹಾಗೆ ನಿಂತಿದೆ. ಘಾಟಿನಲ್ಲಿ ಅವರನ್ನು ದಾಟಿ ಹೋಗುವಾಗ ಒಂದು ನಮಸ್ಕಾರ ಹೇಳುವವರು ಎಷ್ಟು ಜನ? ನೀವು ದಯವಿಟ್ಟು ನಮಸ್ಕಾರ ಹೇಳಿ. ದಾರ ಬಿಡಿಸಿದ ಹೂವನ್ನು ಅವರ ಕೈಗೆ ಕೊಡಿ.

ಇನ್ನೊಂದು. ಈಗಾಗಲೇ ಪಿಓಪಿ (ಪ್ಲಾಸ್ಟರ್ ಆಫ್ ಪ್ಯಾರಿಸ್) ಮೂರ್ತಿ ತಂದವರು ಹತಾಶರಾಗಬೇಡಿ. ಪಿಓಪಿ ನೀರಲ್ಲಿ ಸುಲಭಕ್ಕೆ ಕರಗುವುದಿಲ್ಲ, ಜಿಪ್ಸಮ್ ಆಗಿ ತಳದಲ್ಲಿ ಕೂರುತ್ತೆ. ಇಲ್ಲಿಯ ರಾಷ್ಟ್ರೀಯ ರಾಸಾಯನಿಕ ಪ್ರಯೋಗಾಲಯ ಅಮೋನಿಯಂ ಬೈಕಾರ್ಬನೇಟ್ ನೀರಲ್ಲಿ ಮೂರ್ತಿ ಬಿಡುವ ವಿಧಾನ ಕಂಡುಹಿಡಿಯಿತು. ಮನೆಯ ಬಕೆಟ್ಟಿನಲ್ಲೇ ಆಗುತ್ತೆ. ಕೊನೆಗೆ ಉಳಿಯುವುದು ಸೀಮೆಸುಣ್ಣದಂಥ ಪುಡಿ ಮತ್ತು ಅಮೋನಿಯಂ ಸಲ್ಫೇಟ್ ನೀರು. ಆ ನೀರು ಗಿಡಕ್ಕೆ ಗೊಬ್ಬರ, ತೆಳು ಮಾಡಿ ಹಾಕಬೇಕು. ಪುಣೆ ಪಾಲಿಕೆ ಅಮೋನಿಯಂ ಬೈಕಾರ್ಬನೇಟ್ ಪುಡಿಯನ್ನು ಜನರಿಗೆ ಪುಕ್ಕಟೆ ಹಂಚಿದೆ. ಬಾಗಿಲು ತೆರೆದಿಟ್ಟು ಮಾಡಿ, ವಾಸನೆ ಘಾಟು ಇರುತ್ತೆ.

ಚೆಂಬೂರು

ನಾನು ಹಳಬ, ನನ್ನ ಮಾತು ಕೆಲವರಿಗೆ ರುಚಿಸದಿರಬಹುದು. ದೇವರ ಕೆಲಸವನ್ನು ಗಂಟೆ ಲೆಕ್ಕದಲ್ಲಿ ಅಳೆಯಲು ಹೊರಟರೆ ಸೇವೆ ಎಂಬುದು ಉಳಿಯುವುದಿಲ್ಲ. ಊರಿನ ದೇವಸ್ಥಾನದ ಜಾತ್ರೆಯಲ್ಲಿ ಎಲೆ ಎತ್ತಿದವರು, ಪಾತ್ರೆ ತೊಳೆದವರು ನಾವೇ ಅಲ್ಲವೇ? ಇಲ್ಲೂ ಸ್ವಯಂಸೇವಕರ ಪಟ್ಟಿ ಮಾಡಿ. ಹೆಂಗಸರು, ಗಂಡಸರು, ಕಾಲೇಜು ಮಕ್ಕಳು ಸರದಿಯಲ್ಲಿ ತಟ್ಟೆ ತೊಳೆಯಲಿ. ಗುರುದ್ವಾರದಲ್ಲಿ ದೊಡ್ಡ ದೊಡ್ಡವರು ಲಂಗರ್ ಎಂಬ ಅನ್ನದಾನದ ತಟ್ಟೆ ತೊಳೆಯುತ್ತಾರೆ, ಬಂದವರ ಚಪ್ಪಲಿ ಒರೆಸಿಡುತ್ತಾರೆ. ಅವರಿಂದ ಆಗುವುದು ನಮ್ಮಿಂದ ಯಾಕೆ ಆಗದು? ಎಲ್ಲಕ್ಕೂ ಸಂಬಳ ಅಂದರೆ ಸಣ್ಣ ಮಂಡಳಿಗಳು ಬಾಗಿಲು ಹಾಕಬೇಕಾಗುತ್ತದೆ.

ವಸಾಯಿ

ಚೆಂಬೂರಿನ ಹಿರಿಯರೇ, ಗುರುದ್ವಾರದ ಮಾತು ಒಪ್ಪಿದೆ. ಸರದಿ ಹಾಕಿದರೆ ಮೊದಲ ದಿನವೇ ನನ್ನ ಹೆಸರು ಬರೆಯಿರಿ. ಆದರೆ ಸೇವೆ ಮಾಡುವವನಿಗೆ ಬೇರೆ ಕಡೆ ಸಂಬಳ ಇರುತ್ತದೆ. ಅವನು ಭಾನುವಾರ ಬಂದು ತಟ್ಟೆ ತೊಳೆದು ಹೋಗುತ್ತಾನೆ. ಅದೇ ಕೆಲಸದಿಂದ ಮನೆ ನಡೆಸುವ ಹೆಂಗಸಿಗೆ "ಇದು ಸೇವೆ ಅಮ್ಮಾ" ಅನ್ನುವ ಹಕ್ಕು ನಮಗಿಲ್ಲ.

ನಮ್ಮ ಅಪ್ಪ ಕುಂದಾಪುರದಿಂದ ಬಂದು ಮುಂಬೈಯ ಫೋರ್ಟಿನ ಹೋಟೆಲಿನಲ್ಲಿ ಕಪ್ಪು ಬಸಿ ತೊಳೆದವರು. ಹಗಲೆಲ್ಲ ನೀರಲ್ಲಿ ಕೈ, ಸಂಜೆ ಕನ್ನಡ ರಾತ್ರಿಶಾಲೆ. ಮುಂಬೈಯ ಎಷ್ಟೋ ಕನ್ನಡ ಮನೆಗಳ ಅಡಿಪಾಯ ಇದೇ. ಅವರಿಗೆ ಓದು ಸಿಕ್ಕಿದ್ದು ಹೋಟೆಲ್ ಮಾಲಿಕರು ಸಂಜೆ ಶಾಲೆಯ ಹೊತ್ತಿಗೆ ಸರಿಯಾಗಿ ಬಿಟ್ಟದ್ದರಿಂದ, ತಿಂಗಳ ಪಗಾರ ತಪ್ಪದೆ ಕೊಟ್ಟದ್ದರಿಂದ. ಹಾರ ಹಾಕಿದ್ದರಿಂದ ಸಿಗಲಿಲ್ಲ. ಇಂದು ನಮ್ಮ ಸಭಾಗೃಹಗಳ ಹಿಂದಿನ ಗಲ್ಲಿಯಲ್ಲಿ ಕೂತಿರುವವರು ಅಂದಿನ ನಮ್ಮಪ್ಪಂದಿರ ಜಾಗದಲ್ಲಿದ್ದಾರೆ. ಅವರ ಮಕ್ಕಳು ಯಾವ ಶಾಲೆಗೆ ಹೋಗುತ್ತಾರೆ ಅಂತ ನಮ್ಮ ಎಷ್ಟು ಕಮಿಟಿಗಳಿಗೆ ಗೊತ್ತಿದೆ?

ವಾಸ್ಕೊ, ಗೋವಾ

ನಾವು ಗದಗ ಕಡೆಯವ್ರು ರೀ, ಇಲ್ಲಿ ಬಂದು ಭಾಳ ವರ್ಷ ಆತು. ಗೋವಾದಾಗ ರಸ್ತಾ ಕೆಲಸ, ಗಾರಿ ಕೆಲಸ, ಕಸ ಹೊಡಿಯೂದು, ಭತ್ತದ ಗದ್ದಿ ಕೆಲಸ, ಎಲ್ಲಾದ್ರಾಗೂ ನಮ್ಮ ಮಂದಿ ಅದಾರ. ಗದಗ, ಕೊಪ್ಪಳ, ಬಾಗಲಕೋಟಿ, ವಿಜಾಪುರ. ಗುಡಿಗೂ ಅವ್ರ ಬೇಕು, ಚರ್ಚಿಗೂ ಅವ್ರ ಬೇಕು.

ಇಲ್ಲಿ ಆಗಸ್ಟ್ ತಿಂಗಳದಾಗ ಕೊನ್ಸಾಚೆಂ ಫೆಸ್ತ್ ಅಂತ ಮಾಡ್ತಾರ. ರಾಯಾ, ತಾಳಗಾಂವ ಚರ್ಚುಗಳ ಹಬ್ಬ ಹೆಸರಾದದ್ದು. ಪಾದ್ರಿ ಗದ್ದಿಗೆ ಹೋಗಿ ಹೊಸ ತೆನಿ ಕೊಯ್ದು, ಮಂತ್ರಿಸಿ, ಬ್ಯಾಂಡ್ ಬಾರಿಸ್ಕೋತ ಚರ್ಚಿಗೆ ತರ್ತಾರ. ಅದನ್ನ ನೋಡಿದ್ರ ನಮಗ ಎಳ್ಳಮವಾಸಿಗೆ ಹೊಲದಾಗ ಚರಗ ಚೆಲ್ಲೂದು ನೆನಪಾಗತದ. ಹಿಂದೂ ಮನಿಗಳಾಗ ಚೌತಿಗೆ ಗಣಪತಿ ಮ್ಯಾಲ ಮಾಟೋಳಿ ಕಟ್ತಾರ, ಕಾಡಿನ ಹಣ್ಣು, ಕಾಯಿ, ಬಳ್ಳಿ, ಹೂವು ತಂದು ಕಟ್ಟಿಗಿ ಚೌಕಟ್ಟಿಗೆ ತೂಗ ಹಾಕೂದು. ಪ್ಲಾಸ್ಟಿಕ್ ಅಲಂಕಾರ ಅದರ ಮುಂದ ಏನೂ ಅಲ್ಲ. ಆದ್ರ ಆ ಕಾಡಿನ ಕಾಯಿ ಎಲ್ಲಾರೂ ತಾವ ಹುಡುಕಿ ತರೂದಿಲ್ಲ. ಭಾಳ ಮಂದಿ ಪ್ಯಾಟ್ಯಾಗ ಕೊಳ್ತಾರ. ಮಾರಾಕ ತಂದಾಕಿ ಜೋಡಿ ಹತ್ತು ರೂಪಾಯಿಗೆ ಜಗ್ಗಾಡಬ್ಯಾಡ್ರಿ, ಆಕಿ ನಸುಕಿನ್ಯಾಗ ಗುಡ್ಡ ಹತ್ತಿ ಇಳದಿರ್ತಾಳ.

2015ರಾಗ ಪೋಪ್ ಫ್ರಾನ್ಸಿಸ್ ಅವರು ಲಾವ್ದಾತೊ ಸಿ ಅಂತ ಪತ್ರ ಬರದ್ರು. ಭೂಮಿ ಅಳೂದು, ಬಡವರು ಅಳೂದು, ಎರಡೂ ಕೂಡೇ ಕೇಳಬೇಕು ಅನ್ನೂ ಮಾತು ಅದರಾಗ ಐತಿ. ಸೆಪ್ಟೆಂಬರ್ 1ರಿಂದ ಅಕ್ಟೋಬರ್ 4ರ ತನಕ ಸೃಷ್ಟಿಯ ಕಾಲ ಅಂತ ಚರ್ಚುಗಳಾಗ ಆಚರಿಸ್ತಾರ. ನಮ್ಮ ಓಣಿ ಅಕ್ಕ ಒಬ್ಬಾಕಿ ಚರ್ಚಿನಾಗ ಕಸ ಹೊಡೀತಾಳ. ಆ ಹಂಗಾಮದಾಗ ಪಾದ್ರಿಯವರು ಆಕಿನ್ನ ಕೂರಿಸ್ಕೊಂಡು, "ನಿನಗ ಭಾಳ ತ್ರಾಸ ಕೊಡೂ ಕಸ ಯಾವುದು?" ಅಂತ ಕೇಳಿದ್ರಂತ. ಆಕಿ ಹೇಳಿದ್ದು ಲಗ್ನದಾಗ ಬಾಗಲ ಮುಂದ ಹಾರಸೂ ಮಿಂಚಿನ ಕಾಗದದ ಚೂರು. ಅಂಗಳದ ಚಿರೇಕಲ್ಲಿನ ಸಂದ್ಯಾಗ ಸಿಕ್ಕೊಂಡ್ರ ಕಸಬರಿಗಿಗೂ ಬರೂದಿಲ್ಲ, ಬೆರಳ ತುದೀಲೆ ಆರಸ್ಬೇಕು. ಮಳಿ ಬಂದ್ರ ಸೀದಾ ಗಟಾರಕ್ಕ, ಅಲ್ಲಿಂದ ಸಮುದ್ರಕ್ಕ. ಮುಂದಿನ ಐತವಾರ ಪೂಜಿ ಮುಗದ ಮ್ಯಾಲ ಪಾದ್ರಿಯವರು ಎಲ್ಲಾರ ಮುಂದ ಅದು ಬಂದ್ ಅಂದ್ರು. ಯಾರ ಹೇಳಿದ್ದು ಅನ್ನೂದನ್ನೂ ಹೇಳಿದ್ರು. ಆಕಿ ಇವತ್ತಿಗೂ ಆ ಮಾತು ಹೇಳ್ಕೋತ ಇರ್ತಾಳ.

ಅದಕ್ಕ ನಂದೊಂದು ಮಾತು ರೀ. ಡೊಂಬಿವಲಿಯವ್ರು ಮೊದಲ ಅವ್ರನ್ನ ಕೇಳ್ರಿ. ಯಾವ ಕಸ ಎಲ್ಲಿ ಹುಟ್ಟತೈತಿ ಅನ್ನೂದು ಕಮಿಟಿಗಿಂತ ಅವ್ರಿಗೆ ಚೊಲೊ ಗೊತ್ತಿರ್ತೈತಿ.

ಮೀರಾ ರೋಡ್

ಭಟ್ಕಳದವನು ನಾನು. ವಾಸ್ಕೊದವರ ಮಾತಿಗೆ ನಮ್ಮ ಕಡೆಯಿಂದ ಎರಡು ಮಾತು. ಹರಿಯುವ ನದಿಯ ದಡದಲ್ಲಿದ್ದರೂ ವುಜೂ ಮಾಡುವಾಗ, ಅಂದರೆ ನಮಾಜಿಗೆ ಮೊದಲು ಕೈಕಾಲು ಮುಖ ತೊಳೆಯುವಾಗ, ನೀರು ಪೋಲು ಮಾಡಬೇಡಿ ಎಂಬ ಹದೀಸ್ (ಪ್ರವಾದಿಯವರ ಮಾತು) ಇದೆ. ಕೂಲಿಯವನ ಬೆವರು ಆರುವ ಮೊದಲು ಅವನ ಕೂಲಿ ಕೊಡಿ ಎಂಬ ಹದೀಸೂ ಇದೆ. ಎರಡೂ ಇಬ್ನ್ ಮಾಜಾ ಸಂಗ್ರಹದಲ್ಲೇ ಸಿಗುತ್ತವೆ. ಮೊದಲನೆಯದನ್ನು ನಲ್ಲಿಯ ಮೇಲೆ ಬರೆದು ಅಂಟಿಸುವುದು ಸುಲಭ. ಎರಡನೆಯದು ಖಜಾಂಚಿಯ ಮೇಜಿನ ಮೇಲೆ ಇರಬೇಕು.

ನಮ್ಮ ಮೊಹಲ್ಲಾದಲ್ಲಿ ವುಜೂ ಆದ ನೀರನ್ನು ಪೈಪಿನಲ್ಲಿ ತಿರುಗಿಸಿ ಅಂಗಳದ ಗಿಡಗಳಿಗೆ ಬಿಡುವ ಏರ್ಪಾಡು ಮಾಡಿದ್ದೇವೆ. ಆ ಪೈಪಿನ ಜಾಲರಿ ದಿನಾ ತೆಗೆದು ತೊಳೆಯದಿದ್ದರೆ ಕಟ್ಟಿಕೊಳ್ಳುತ್ತದೆ. ಅದನ್ನು ತೊಳೆಯುವವರು ಸಫಾಯಿಯ ಚಾಚಾ. ಏರ್ಪಾಡು ಶುರುವಾದ ತಿಂಗಳಿಂದಲೇ ಅವರ ಪಗಾರ ಏರಿಸಬೇಕು ಅಂತ ಯುವಕರು ಹಟ ಹಿಡಿದರು, ಏರಿತು. ಕೆಲಸ ಇನ್ನೂ ನಡೆಯುತ್ತಿರುವುದು ಅದರಿಂದಲೇ.

ಮುಲುಂಡ್

ಲೆಕ್ಕಪತ್ರ ನೋಡುವ ವೃತ್ತಿ ನನ್ನದು. ಕೆಲವು ಟ್ರಸ್ಟುಗಳ ಪುಸ್ತಕ ನೋಡುತ್ತೇನೆ, ಆದ್ದರಿಂದ ಅಂಕಿಯಲ್ಲೇ ಮಾತಾಡುತ್ತೇನೆ.

ಗ್ರ್ಯಾಚುಟಿ, ಅಂದರೆ ಕೆಲಸ ಬಿಡುವಾಗ ಕೊಡುವ ಇಡಿಗಂಟು, ದೊಡ್ಡ ಕಂಪನಿಗೆ ಮಾತ್ರ ಅಂತ ನಮ್ಮ ಕಮಿಟಿಗಳು ತಿಳಿದಿವೆ. ಕಾನೂನು ಹತ್ತು ಜನ ನೌಕರರಿರುವ ಸಂಸ್ಥೆಯ ಮಾತಾಡುತ್ತದೆ, ಸರಿ. ಆದರೆ ನಾಲ್ಕೇ ಜನ ಇದ್ದರೂ ಸ್ವಂತ ಮನಸ್ಸಿನಿಂದ ಕೊಡಬಾರದು ಅಂತ ಎಲ್ಲೂ ಇಲ್ಲ. ಲೆಕ್ಕ ಇಷ್ಟೆ: ಕೊನೆಯ ತಿಂಗಳ ಸಂಬಳವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಗುಣಿಸಿ. ತಿಂಗಳಿಗೆ 12,000 ರೂಪಾಯಿಯಂತೆ ಹತ್ತು ವರ್ಷ ದುಡಿದವರಿಗೆ ಸುಮಾರು 69,230 ರೂಪಾಯಿ ಬರುತ್ತದೆ. ಒಂದೇ ಸಲ ಕೊಡುವಾಗ ಭಾರ ಅನ್ನಿಸುತ್ತದೆ, ತಿಂಗಳಿಗೆ 600 ರೂಪಾಯಿಯಂತೆ ಬೇರೆ ಖಾತೆಯಲ್ಲಿ ಇಡುತ್ತಾ ಬಂದರೆ ಭಾರವಲ್ಲ. ಒಂದು ದಿನದ ಮೈಕ್, ಲೈಟಿಂಗ್ ಬಿಲ್ಲಿನ ಜೊತೆ ಇಟ್ಟು ನೋಡಿ.

ಇಎಸ್ಐ, ಅಂದರೆ ನೌಕರರ ರಾಜ್ಯ ವಿಮೆ, ನಿಮಗೆ ಅನ್ವಯವಾಗುವುದಾದರೆ ಬಿಡಬೇಡಿ. ಸಂಬಳ 21,000ದವರೆಗೆ ಇದ್ದವರಿಗೆ ಮಾಲಿಕರ ಪಾಲು ಶೇ. 3.25, ನೌಕರರ ಪಾಲು ಶೇ. 0.75. ಅದೇ 12,000ಕ್ಕೆ ನಿಮ್ಮಿಂದ 390, ಅವರಿಂದ 90. ಅಷ್ಟಕ್ಕೆ ಮನೆಯವರಿಗೆಲ್ಲ ಚಿಕಿತ್ಸೆ ಸಿಗುತ್ತದೆ. ಅನ್ವಯವಾಗದ ಸಣ್ಣ ಮಂಡಳಿಗಳು ಬ್ಯಾಂಕಿನಲ್ಲಿ ಸಿಗುವ ಎರಡು ಸರ್ಕಾರಿ ವಿಮೆಯನ್ನಾದರೂ ಮಾಡಿಸಿ. ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ, 70ರ ವಯಸ್ಸಿನವರೆಗೆ. ಜೀವನ ಜ್ಯೋತಿ ವರ್ಷಕ್ಕೆ 436 ರೂಪಾಯಿ, ಸಾವು ಯಾವ ಕಾರಣದ್ದಾದರೂ 2 ಲಕ್ಷ, ಸೇರುವಾಗ 50 ದಾಟಿರಬಾರದು. ಎರಡೂ ಸೇರಿ 456 ರೂಪಾಯಿ. ನಾವು ಹೊದಿಸುವ ಶಾಲಿಗೆ ಅದರಷ್ಟೇ ಆಗುತ್ತದೆ. ಶಾಲು ಬೇಡ ಅನ್ನುತ್ತಿಲ್ಲ, ಶಾಲಿನ ಮಡಿಕೆಯಲ್ಲಿ ಆ ಪಾಲಿಸಿಯ ಕಾಗದವೂ ಇರಲಿ.

ಇನ್ನೊಂದು, ಬಜೆಟ್ಟಿನಲ್ಲಿ "ಪರಿಸರಸ್ನೇಹಿ ಉತ್ಸವ" ಅಂತ ಒಂದು ಸಾಲು ಬರೆದಾಗ ಅದರ ಕೆಳಗೆ ಕೂಲಿಯ ಸಾಲೂ ಬರೆಯಿರಿ. ಥರ್ಮಕೋಲ್, ಪ್ಲಾಸ್ಟಿಕ್ ತಟ್ಟೆ ಕೊಳ್ಳದೆ ಉಳಿದ ಹಣ ಎಲ್ಲಿಗೆ ಹೋಯಿತು ಅಂತ ಆಗ ಸದಸ್ಯರಿಗೂ ಕಾಣುತ್ತದೆ.

ಪಿಂಪ್ರಿ

ನಾ ಕಲಬುರಗಿ ಕಡೆಯಾಂವ. ಹೌಸ್‌ಕೀಪಿಂಗ್ ಸೂಪರ್‌ವೈಸರ್ ಆಗಿ ದುಡೀಲತ್ತೀನಿ. ಹಬ್ಬದ ದಿನ ಹೆಂಡ್ತಿ, ನಾನು ಇಬ್ಬರೂ ಸಭಾಗೃಹಗಳಿಗಿ ಕೂಲಿ ಮ್ಯಾಲ ಹೋಗ್ತೀವಿ. ನಮ್ಮ ಬಗ್ಗೆ ಇಷ್ಟು ಮಂದಿ ಬರದೀರಿ, ಅದಕ್ಕ ನಾನೂ ಬರೀಲತ್ತೀನಿ.

ಸ್ಟೀಲ್ ತಾಟು ತೊಳಿಲಾಕ ನಮಗೇನೂ ಬೇಜಾರಿಲ್ಲರಿ, ಅದು ನಮ್ಮ ಕೆಲಸ. ಬೇಜಾರಾಗೋದು ಬ್ಯಾರೆ. ಊಟ ನಮಗ ಕಡೀಕ. ಎಲ್ಲರದೂ ಮುಗಿದು, ತಾಟು ತೊಳದು ಎತ್ತಿಟ್ಟು ಕುಂತಾಗ ಅನ್ನ ತಣ್ಣಗ, ಪಲ್ಯ ಖಾಲಿ, ಪಾಯಸದ ಪಾತ್ರಿ ಆಗಲೇ ತೊಳ್ಯಾಕ ಬಂದಿರ್ತದ. ಮೊದಲಿನ ಪಂಕ್ತ್ಯಾಗ ಕುಂದ್ರಸ್ರಿ ಅಂತ ಕೇಳಲ್ಲ. ನಾಕು ಮಂದಿದು ಬುತ್ತಿ ಮೊದಲೇ ತಗದು ಮುಚ್ಚಿಡ್ರಿ. ಎರಡನೇದು ಪಾಯಖಾನಿ. ಭಕ್ತರಿಗಿ ಒಂದು, ಅಡುಗಿಯವರಿಗಿ ಒಂದು, ನಮ್ಮ ಹೆಣ್ಣುಮಕ್ಕಳಿಗಿ ಸ್ಟೇಷನ್ ಹಾದಿ ತೋರಸ್ತಾರ. ಮುಂಜಾನಿ ಹೋದಾಕಿ ನೀರೇ ಕುಡಿಯಂಗಿಲ್ಲ, ಯಾಕಂದ್ರ ಹೋಗಲಾಕ ಜಾಗ ಇಲ್ಲ. ಕೀಲಿ ಒಂದು ಕೈಗಿ ಕೊಟ್ರ ಸಾಕು. ಗ್ಲೌಸ್ ಕೊಡ್ತಾರ, ಎಲ್ಲ ಗಂಡಸರ ಅಳತಿದು. ಹೆಣ್ಣುಮಕ್ಕಳ ಕೈಯಾಗ ಜಾರ್ತಾವ, ಅದಕ್ಕ ತಗದಿಡ್ತಾರ, ಆಮ್ಯಾಲ "ಕೊಟ್ರೂ ಹಾಕ್ಕೊಳಲ್ಲ" ಅಂತಾರ. ರಾತ್ರಿ ಹನ್ನೊಂದಕ್ಕ ಕೆಲಸ ಮುಗದ್ರ ಬಸ್ಸಿಲ್ಲ. ರಿಕ್ಷಾದ ರೊಕ್ಕ ಕೂಲಿಯಾಗೇ ಹೋಗ್ತದ.

ನಮ್ಮ ಕಡೆ ಹನ್ನೆರಡನೇ ಶತಮಾನದಾಗ ಸತ್ಯಕ್ಕ ಅಂತ ಶರಣಿ ಇದ್ದಳು. ಅಂಗಳ ಗುಡಿಸೋದೇ ಆಕಿ ಕಾಯಕ, ಆಕಿ ಬರದ ವಚನ ಇವತ್ತಿಗೂ ಓದ್ತಾರ. ಮಹಾರಾಷ್ಟ್ರದಾಗ ಗಾಡಗೆ ಬಾಬಾ ಕೀರ್ತನಿ ಮಾಡೋ ಊರಿಗಿ ಹೋದ್ರ ಮೊದಲು ಕಸಬರಿಗಿ ಹಿಡಿತಿದ್ದರು, ಆಮ್ಯಾಲ ಕೀರ್ತನಿ. 1956ರಾಗ ತೀರಕೊಂಡ್ರು. ಅವರ ಹೆಸರಿನ ಧರ್ಮಶಾಲಾ ದಾದರದಾಗ ಅದ, ಟಾಟಾ ಆಸ್ಪತ್ರಿಗಿ ಬರೋ ಬಡ ರೋಗಿಗಳು ಅಲ್ಲಿ ಇರ್ತಾರ. ಅವರ ಫೋಟೋಕ್ಕ ಹೂ ಹಾಕೋ ಮಂದಿ ನಮಗ "ಏ ಸಫಾಯಿ" ಅಂತ ಕೂಗಬಾರದು. ಎಲ್ಲರಿಗೂ ಹೆಸರದ.

ಚೆಂಬೂರು

ಪಿಂಪ್ರಿಯ ತಮ್ಮ ಬರೆದದ್ದನ್ನು ಎರಡು ಸಲ ಓದಿದೆ. ಊಟದ ವಿಷಯ ಮತ್ತು ಶೌಚಾಲಯದ ವಿಷಯಕ್ಕೆ ಯಾವ ನಿರ್ಣಯವೂ ಬೇಕಿಲ್ಲ, ಇವತ್ತೇ ಆಗಬೇಕು. ನಮ್ಮ ಮಂಡಳಿಯಲ್ಲಿ ನಾಳೆಯೇ ಹೇಳುತ್ತೇನೆ. ಸ್ವಯಂಸೇವಕರ ಸರದಿಯ ಮಾತನ್ನು ಮಾತ್ರ ನಾನು ಬಿಡುವುದಿಲ್ಲ. ಸಂಬಳದವರ ಜೊತೆ ನಮ್ಮ ಮಕ್ಕಳೂ ಕೂತು ತಟ್ಟೆ ತೊಳೆದರೆ, ಎಲೆಯಲ್ಲಿ ಅನ್ನ ಬಿಡುವ ಅಭ್ಯಾಸ ಅವರಿಗೆ ತಾನಾಗಿ ಹೋಗುತ್ತದೆ.

ಡೊಂಬಿವಲಿ ಪೂರ್ವ

ಎಲ್ಲರಿಗೂ ಮನಸ್ಸಿನಿಂದ ಧನ್ಯವಾದ. ವಾಸ್ಕೊದವರು ಹೇಳಿದಂತೆ ನಿನ್ನೆ ಅಕ್ಕಂದಿರ ಜೊತೆ ಕೂತು ಮಾತಾಡಿದೆ. ಅವರು ಹೇಳಿದ್ದರಲ್ಲಿ ನನ್ನ ಲೆಕ್ಕಕ್ಕೆ ಬಾರದೇ ಇದ್ದ ಒಂದು ವಿಷಯ ಇತ್ತು: ತಟ್ಟೆಗಿಂತ ಕಷ್ಟ ಲೋಟ. ಒಳಗೆ ಕೈ ಹೋಗುವುದಿಲ್ಲ, ಮಜ್ಜಿಗೆ ಒಣಗಿದರೆ ತಳ ಬಿಡುವುದಿಲ್ಲ. ಅಗಲ ಬಾಯಿಯ ಲೋಟ ತಂದರೆ ಅರ್ಧ ಕೆಲಸ ಕಡಿಮೆ ಅಂದರು. ಹಳೆಯ ಲೋಟ ಬದಲಾಯಿಸುತ್ತೇವೆ.

ಕಮಿಟಿ ಮುಂದೆ ಇಡುವುದು ಹೀಗೆ. ಹಿಂದಿನ ಗಲ್ಲಿಯಲ್ಲಿ ನಿಂತು ತೊಳೆಯುವ ಎತ್ತರಕ್ಕೆ ಕಟ್ಟೆ, ಎರಡು ನಲ್ಲಿ, ರಬ್ಬರ್ ಬೂಟು, ಅವರ ಅಳತೆಯ ಗ್ಲೌಸ್. ಉತ್ಸವದ ದಿನಗಳಿಗೆ ಇನ್ನಿಬ್ಬರು ಕೆಲಸದವರು, ಪೂರ್ಣ ಕೂಲಿ, ರಾತ್ರಿ ರಿಕ್ಷಾ ಬಾಡಿಗೆ ಮಂಡಳಿಯದ್ದು. ಗೊಬ್ಬರದ ಕೆಲಸ ಗುಡಿಸುವ ಹುಡುಗನ ಪಾಳಿಗೆ ಸೇರುವುದಾದರೆ ಅದಕ್ಕೆ ಬೇರೆ ಸಂಬಳ, ಇಲ್ಲವಾದರೆ ಯುವಕ ಮಂಡಳಿ ವಹಿಸಿಕೊಳ್ಳಬೇಕು. ವಿಮೆ ಈ ತಿಂಗಳೇ. ಗ್ರ್ಯಾಚುಟಿ ಖಾತೆಗೆ ವಿರೋಧ ಬರಬಹುದು, ಮುಲುಂಡಿನವರ ಲೆಕ್ಕವನ್ನು ಮುದ್ರಿಸಿ ಎಲ್ಲರ ಕೈಗೆ ಕೊಡುತ್ತೇನೆ. ಕಾವಲಿನ ಹಿರಿಯರಿಗೆ 50 ದಾಟಿದೆ, ಜೀವನ ಜ್ಯೋತಿ ಆಗುವುದಿಲ್ಲ. ಅವರಿಗೆ ಏನು ಮಾಡಬಹುದು ಮುಲುಂಡ್ ಅಣ್ಣಾ?

ಮುಲುಂಡ್

20 ರೂಪಾಯಿಯ ಅಪಘಾತ ವಿಮೆ ಮಾಡಿಸಿ. ಅದರ ಜೊತೆಗೆ ಅವರ ಹೆಸರಲ್ಲಿ ಅಂಚೆ ಕಚೇರಿಯಲ್ಲಿ ಒಂದು ಆರ್‌ಡಿ (ತಿಂಗಳ ಕಂತಿನ ಠೇವಣಿ) ತೆರೆದು ಮಂಡಳಿಯೇ ಕಟ್ಟಲಿ, ಐದು ವರ್ಷದ್ದು. ನಾಮಿನಿಯಾಗಿ ಹೆಂಡತಿಯ ಹೆಸರು ಬರೆಸುವುದು ಮರೆಯಬೇಡಿ. ಪಾಸ್‌ಬುಕ್ ಅವರ ಕೈಯಲ್ಲೇ ಇರಲಿ, ಕಮಿಟಿಯ ಕಪಾಟಿನಲ್ಲಿ ಬೇಡ.

ಕೋಥ್ರೂಡ್, ಪುಣೆ

ಹಾರದ ಬಗ್ಗೆ ಒಂದು ಮಾತು ಬಿಟ್ಟುಹೋಗಿತ್ತು. ಹೂವಿನವರಿಗೆ ಮುಂಗಡ ಆರ್ಡರ್ ಕೊಡುವಾಗಲೇ ಹತ್ತಿ ನೂಲೇ ಇರಲಿ, ಜರಿ ಬೇಡ, ಪಿನ್ನು ಬೇಡ ಅಂತ ಹೇಳಿ. ನಮ್ಮ ಹೂವಿನವರು ಮೊದಲು ಒಪ್ಪಲಿಲ್ಲ, ನೂಲಿನ ಉಂಡೆ ನಾವೇ ತಂದುಕೊಟ್ಟ ಮೇಲೆ ಒಪ್ಪಿದರು. ಭಕ್ತರು ತರುವ ಹಾರಕ್ಕೆ ಬಾಗಿಲಲ್ಲೇ ಒಂದು ಕತ್ತರಿ, ಒಂದು ಬುಟ್ಟಿ ಇಟ್ಟು ಫಲಕ ಬರೆಯಿರಿ: ದಾರ ಬಿಡಿಸಿ ಹೂವು ಅರ್ಪಿಸಿ. ನಮ್ಮಲ್ಲಿ ಅರ್ಧಕ್ಕಿಂತ ಹೆಚ್ಚು ಜನ ತಾವೇ ಬಿಡಿಸುತ್ತಾರೆ.